ಬಾಡಿಗೆಯ ಭೂಪಟ

ಕಳೆದ ಬೇಸಗೆಯ ರಜೆಯಲ್ಲಿ ನನ್ನ ಹಳೆಯ ವಿದ್ಯಾರ್ಥಿಯೊಬ್ಬ ಮನೆಗೆ ಬಂದಿದ್ದ. 2011ರಲ್ಲಿ ಎಂಟನೆಯ ತರಗತಿಯಲ್ಲಿ ನನ್ನ ಬಳಿ ಕನ್ನಡ ಕಲಿತವನು. ಈಗ ಬೆಂಗಳೂರಿನಲ್ಲಿ ಕೆಲಸದಲ್ಲಿದ್ದಾನೆ. ಕಾಫಿಯಾಯಿತು, ಕುಶಲಪ್ರಶ್ನೆಯಾಯಿತು. ಆಮೇಲೆ ಜೇಬಿನಿಂದ ಫೋನು ತೆಗೆದು, ಅದರಲ್ಲಿ ಮೂಡಿದ್ದ ನಮ್ಮ ಸೀಮೆಯ ನಕ್ಷೆಯನ್ನು ನನ್ನ ಮುಂದೆ ಹಿಡಿದು ಕೇಳಿದ: “ಮೇಷ್ಟ್ರೇ, ನಮ್ಮ ಕಲ್ಲು ಎಲ್ಲಿ ಹೋಯಿತು?”

ಕಲ್ಲೆಂದರೆ ವೀರಗಲ್ಲು. ನಮ್ಮ ಊರಿಗೆ ನಾಲ್ಕು ಮೈಲಿ ದೂರದ ಒಂದು ಹಳ್ಳಿಯಲ್ಲಿ, ಕೆರೆಯ ಕೋಡಿಯ ಪಕ್ಕದಲ್ಲಿ ಅದು ನಿಂತಿತ್ತು. ನಾಲ್ಕಡಿ ಎತ್ತರ, ಮೂರು ಅಂತಸ್ತಿನ ಕೆತ್ತನೆ. ಕೆಳಗೆ ತುರುಗಳನ್ನು ಹೊಡೆದುಕೊಂಡು ಹೋಗುವವರೊಡನೆ ಕಾದುವ ವೀರ, ನಡುವೆ ಅವನನ್ನು ಒಯ್ಯುವ ದೇವಕನ್ಯೆಯರು, ಮೇಲೆ ಶಿವಸನ್ನಿಧಿ. ಅಕ್ಷರ ಮಾತ್ರ ಒಂದೂ ಇಲ್ಲ. ಅಕ್ಷರವಿದ್ದಿದ್ದರೆ ಬಿ. ಎಲ್. ರೈಸ್ ಅವರ ‘ಎಪಿಗ್ರಾಫಿಯ ಕರ್ನಾಟಿಕ’ದಲ್ಲಿ ಅದಕ್ಕೂ ಒಂದೆರಡು ಸಾಲು ದೊರೆಯುತ್ತಿತ್ತೋ ಏನೋ. 1886ರಲ್ಲಿ ಮೊದಲಾದ ಆ ಸಂಪುಟಗಳಲ್ಲಿ, ಶಾಸನದ ಪಾಠಕ್ಕೆ ಮುಂಚೆ ಅದು ಇರುವ ಜಾಗವನ್ನು, ಇಂಥ ಊರಿನ ಇಂಥ ಗುಡಿಯ ಮುಂದಣ ಕಲ್ಲು ಎಂದು ಹೇಳಿರುತ್ತದೆ. ಪಂಡಿತ ಪರೀಕ್ಷೆಗೆ ಓದುತ್ತಿದ್ದಾಗ ಆ ಸಾಲುಗಳನ್ನು ಹಾರಿಸಿ ಪಾಠಕ್ಕೆ ಹೋಗುತ್ತಿದ್ದೆವು. ಅವುಗಳ ಬೆಲೆ ಈಗ ತಿಳಿಯುತ್ತಿದೆ.

ಅಕ್ಷರವಿಲ್ಲದ ಈ ಅನಾಥ ಕಲ್ಲಿಗೆ ನಾವಾದರೂ ಒಂದು ದಾಖಲೆ ಮಾಡೋಣವೆಂದು ಆ ವರ್ಷ ಹತ್ತು ಮಕ್ಕಳನ್ನು ಕರೆದುಕೊಂಡು ಹೋದೆ. ನನ್ನ ಭಾವಮೈದುನನ ಕ್ಯಾಮರಾದಿಂದ ಚಿತ್ರ ತೆಗೆದೆವು. ಪೇಟೆಯ ಸೈಬರ್ ಅಂಗಡಿಯಲ್ಲಿ ಗಂಟೆಗೆ ಇಷ್ಟೆಂದು ಕೊಟ್ಟು ಕುಳಿತು, ಅಂತರ್ಜಾಲದ ಒಂದು ನಕ್ಷೆಯಲ್ಲಿ ಕೋಡಿಯ ಜಾಗವನ್ನು ಹುಡುಕಿ, ಅಲ್ಲಿ ಆ ಚಿತ್ರವನ್ನು ಅಂಟಿಸಿ, ಕೆಳಗೆ ಕನ್ನಡದಲ್ಲಿ ಎರಡು ವಾಕ್ಯ ಬರೆದೆವು. ಆ ಸೇವೆಯ ಹೆಸರು ಇಲ್ಲಿ ಬೇಡ. “ಇನ್ನು ಇದು ಅಮೆರಿಕದಲ್ಲೂ ಕಾಣುತ್ತದೆಯೇ?” ಎಂದು ಮಕ್ಕಳು ಕೇಳಿದರು. ಕಾಣುತ್ತದೆ ಎಂದೆ. ಹೇಳಿದ್ದು ಸುಳ್ಳಲ್ಲ. ಎಷ್ಟು ದಿನ ಕಾಣುತ್ತದೆ ಎಂದು ಅವರೂ ಕೇಳಲಿಲ್ಲ, ನನಗೂ ಹೊಳೆಯಲಿಲ್ಲ.

ಕೆಲವು ವರ್ಷಗಳ ಮೇಲೆ ಕೆರೆಯ ಏರಿಯ ರಸ್ತೆಯನ್ನು ಅಗಲ ಮಾಡಿದರು. ಯಂತ್ರ ಬಂದು ಕಲ್ಲನ್ನು ಎತ್ತಿತು. ಊರವರು ಅದನ್ನು ಪೂಜ್ಯವೆಂದು ಗುಡಿಯ ಅಂಗಳಕ್ಕೆ ಸಾಗಿಸಿದರು. ಅಷ್ಟಾದರೂ ಮಾಡಿದರಲ್ಲ ಎಂದು ನಾನು ಸಮಾಧಾನಪಟ್ಟೆ. ಹೇಗೂ ನಕ್ಷೆಯಲ್ಲಿ ಅದರ ಮೂಲಸ್ಥಾನ ಇದ್ದೇ ಇದೆಯಲ್ಲ! ಆದರೆ ಆ ಹೊತ್ತಿಗೆ ನಕ್ಷೆಯಲ್ಲಿ ಚಿತ್ರವಿರಲಿಲ್ಲ. ಆ ಸೇವೆಯೇ ನಿಂತುಹೋಗಿತ್ತು. ನಿಲ್ಲಿಸುತ್ತೇವೆಂಬ ಸೂಚನೆ ನನ್ನ ಹಳೆಯ ಇ-ಮೇಲ್ ವಿಳಾಸಕ್ಕೆ ಬಂದಿತ್ತಂತೆ. ಆ ವಿಳಾಸದ ಕೀಲಿಪದವನ್ನು ಮರೆತು ನಾನು ಅದನ್ನು ತೆರೆಯುವುದನ್ನೇ ಬಿಟ್ಟಿದ್ದೆ. ಕ್ಯಾಮರಾದ ಮೂಲಚಿತ್ರವನ್ನು ಭಾವಮೈದುನ ಒಂದು ಮದುವೆಯ ಚಿತ್ರಗಳಿಗೆ ಜಾಗ ಮಾಡುವುದಕ್ಕಾಗಿ ಅಳಿಸಿದ್ದ. ಒಂದು ಪ್ರತಿಯನ್ನು ಕಾಗದದ ಮೇಲೆ ಇಟ್ಟುಕೊಳ್ಳದಿದ್ದ ತಪ್ಪು ಪೂರ್ತಿ ನನ್ನದು.

ನಮ್ಮ ಶಾಲೆಯ ಸ್ಟಾಫ್ ರೂಮಿನಲ್ಲಿ ಬಟ್ಟೆಗೆ ಅಂಟಿಸಿದ, ಮೇಲೂ ಕೆಳಗೂ ಮರದ ಕೋಲಿರುವ ಒಂದು ಹಳೆಯ ಭೂಪಟವಿದೆ. ಅದರ ನೆತ್ತಿಯಲ್ಲಿ ‘ಮೈಸೂರು ರಾಜ್ಯ’ ಎಂದಿದೆ. 1973ರ ನವೆಂಬರ್ 1ರಂದು ರಾಜ್ಯಕ್ಕೆ ಕರ್ನಾಟಕವೆಂಬ ಹೆಸರಾದ ಮೇಲೆ ಆ ಪಟ ಪಾಠಕ್ಕೆ ಸಲ್ಲದು. ಆದರೂ ಅದು ಗೋಡೆಯ ಮೇಲಿದೆ. ಆಗ ಯಾವ ದಾರಿ ಇರಲಿಲ್ಲ, ಯಾವ ಅಣೆಕಟ್ಟು ಇನ್ನೂ ಕಟ್ಟಿರಲಿಲ್ಲ ಎಂಬುದಕ್ಕೆ ಅದು ಸಾಕ್ಷಿ. ಹೊಸ ಪಟ ಬಂದಿತೆಂದು ಹಳೆಯದು ತಾನಾಗಿ ಗೋಡೆಯಿಂದ ಇಳಿದು ಹೋಗಲಿಲ್ಲ.

ಫೋನಿನ ನಕ್ಷೆಯ ಸ್ವಭಾವವೇ ಬೇರೆ. ಅದು ನಮ್ಮ ಫೋನಿನಲ್ಲಿದೆ ಎಂದು ನಾವು ಭಾವಿಸುತ್ತೇವೆ. ಸಾಮಾನ್ಯವಾಗಿ ಅಲ್ಲಿ ಇರುವುದಿಲ್ಲ. ಗೂಗಲ್ ಮ್ಯಾಪ್ಸ್ ಲೋಕಕ್ಕೆ ಬಂದದ್ದು 2005ರ ಫೆಬ್ರವರಿಯಲ್ಲಿ. ಆಸ್ಟ್ರೇಲಿಯಾದ ಸಿಡ್ನಿಯಲ್ಲಿ ಲಾರ್ಸ್ ಮತ್ತು ಯೆನ್ಸ್ ರಾಸ್ಮುಸ್ಸೆನ್ ಎಂಬ ಡೆನ್ಮಾರ್ಕಿನ ಅಣ್ಣತಮ್ಮಂದಿರೂ ಅವರ ಇಬ್ಬರು ಜೊತೆಗಾರರೂ ನಡೆಸುತ್ತಿದ್ದ ಪುಟ್ಟ ಸಂಸ್ಥೆಯನ್ನು ಗೂಗಲ್ 2004ರಲ್ಲಿ ಕೊಂಡುಕೊಂಡಿತು. ಅದೇ ಇದರ ಬೀಜ. ಅದರ ಚಮತ್ಕಾರವೇನೆಂದರೆ, ನಕ್ಷೆಯನ್ನು ನೆಲಕ್ಕೆ ಹಾಸುವ ಹೆಂಚಿನಂಥ ಸಣ್ಣ ಚೌಕಗಳಾಗಿ ಒಡೆದಿಟ್ಟು, ನೀವು ಬೆರಳಿನಿಂದ ಎಳೆದ ಕಡೆಗೆ ಬೇಕಾದ ಚೌಕಗಳನ್ನಷ್ಟೇ ದೂರದ ಯಂತ್ರದಿಂದ ಕಳಿಸುವುದು. ಅದಕ್ಕೆ ಮುಂಚಿನ ಅಂತರ್ಜಾಲ ನಕ್ಷೆಗಳಲ್ಲಿ ಒಂದು ಬಾಣವನ್ನು ಒತ್ತಿ, ಪುಟ ಮತ್ತೆ ಮೂಡುವವರೆಗೆ ಕಾಯಬೇಕಿತ್ತು. ಇದು ಬೆಣ್ಣೆಯ ಹಾಗೆ ಜಾರಿತು. ಆದರೆ ಚೌಕಗಳೆಲ್ಲ ಪ್ರತಿಸಲ ಹೊಸದಾಗಿ ಅಲ್ಲಿಂದ ಬರಬೇಕಾದುದರಿಂದ, ಅಲ್ಲಿಯವರು ಬದಲಿಸಿದ ಕೂಡಲೇ ಎಲ್ಲರ ನಕ್ಷೆಯೂ ಬದಲಾಗುತ್ತದೆ. ನಿನ್ನೆಯ ಪ್ರತಿ ಯಾರ ಮನೆಯ ಅಟ್ಟದಲ್ಲಿಯೂ ಉಳಿಯುವುದಿಲ್ಲ. ಬಾಡಿಗೆಯ ಮನೆಯಲ್ಲಿ ಇರುವವರಿಗೆ ಇದು ಬೇಗ ಅರ್ಥವಾದೀತು: ಗೋಡೆಗೆ ಮೊಳೆ ಹೊಡೆಯಬಹುದು, ಪಟವನ್ನೂ ತೂಗುಹಾಕಬಹುದು, ಗೋಡೆ ಮಾತ್ರ ನಮ್ಮದಲ್ಲ.

ಹೀಗೆ ಬಂದು ಹೋದ ಸೌಕರ್ಯಗಳು ಎಷ್ಟೋ. ಗೆಳೆಯರು ಎಲ್ಲಿದ್ದಾರೆಂದು ನಕ್ಷೆಯಲ್ಲಿ ತೋರಿಸುತ್ತಿದ್ದ ಲ್ಯಾಟಿಟ್ಯೂಡ್ ಎಂಬುದು 2009ರಲ್ಲಿ ಹುಟ್ಟಿ 2013ರಲ್ಲಿ ಮುಗಿಯಿತು. ಅದಕ್ಕಾಗಿ ನಾನು ಅತ್ತವನಲ್ಲ. 2013ರಲ್ಲಿ ನಕ್ಷೆಯ ವೇಷವನ್ನೇ ಹೊಸದು ಮಾಡಿದರು. ಹಳೆಯ ವೇಷವೇ ಹಿತವೆಂದು ಅದಕ್ಕೆ ಅಂಟಿಕೊಂಡಿದ್ದವರಿಗೆ 2015ರಲ್ಲಿ ಆ ಬಾಗಿಲೂ ಮುಚ್ಚಿತು. ಇವೆಲ್ಲ ಅಭ್ಯಾಸದ ಮಾತು. ನಾಲ್ಕು ದಿನ ಗೊಣಗಿ ಸುಮ್ಮನಾಗುತ್ತೇವೆ. ಸುಮ್ಮನಾಗಲಾರದ್ದು ಜನ ತಮ್ಮ ಕೈಯಾರೆ ಕೊಟ್ಟದ್ದು ಅಳಿದಾಗ.

ಪನೊರಾಮಿಯೊ ಎಂಬ ಹೆಸರನ್ನು ತಮ್ಮಲ್ಲಿ ಕೆಲವರು ಕೇಳಿರಬಹುದು. 2005ರಲ್ಲಿ ಸ್ಪೇನ್ ದೇಶದ ಇಬ್ಬರು ತೊಡಗಿಸಿದ್ದು, 2007ರಲ್ಲಿ ಗೂಗಲಿನ ಪಾಲಾಯಿತು. ಲೋಕದ ಜನ ತಾವು ಕಂಡ ಬೆಟ್ಟ, ಹೊಳೆ, ಗುಡಿ, ಬೀದಿಗಳ ಚಿತ್ರಗಳನ್ನು ಅವು ಇರುವ ಜಾಗಕ್ಕೇ ಅಂಟಿಸುತ್ತಿದ್ದರು. ಅಂಟಿಸಿದವರ ಮುಖವಲ್ಲ, ಊಟದ ತಟ್ಟೆಯಲ್ಲ, ಸ್ಥಳದ ಚಿತ್ರ. 2014ರಲ್ಲಿ ಅದನ್ನು ಮುಚ್ಚುವ ಮಾತು ಬಂದಾಗ ಬಳಕೆದಾರರಷ್ಟೇ ಅಲ್ಲ, ಅದನ್ನು ಹುಟ್ಟುಹಾಕಿದವರೇ ಬೇಡವೆಂದು ಮನವಿ ಮಾಡಿಕೊಂಡರು. ಕೆಲವು ಕಾಲ ತಡೆಯಿತು. ಕೊನೆಗೆ 2016ರ ನವೆಂಬರಿನಲ್ಲಿ ಬಾಗಿಲು ಹಾಕಿತು. ಚಿತ್ರಗಳನ್ನು ನಾಶಮಾಡಿದರೆಂದು ಹೇಳುವುದು ಅನ್ಯಾಯ. ಗೂಗಲ್ ಖಾತೆಗೆ ಸೇರಿಸಿಕೊಂಡವರ ಚಿತ್ರಗಳನ್ನು ಆಲ್ಬಮ್ ಆರ್ಕೈವ್ ಎಂಬ ಇನ್ನೊಂದು ಉಗ್ರಾಣಕ್ಕೆ ಸಾಗಿಸಿದರು. ಚಿತ್ರ ಉಳಿಯಿತು, ಆದರೆ ನಕ್ಷೆಯ ಮೇಲೆ ಅದನ್ನು ಕಾಣುತ್ತಿದ್ದ ದಾರಿಹೋಕನಿಗೆ ಅದು ಇಲ್ಲವಾಯಿತು. 2023ರ ಜುಲೈಯಲ್ಲಿ ಆ ಉಗ್ರಾಣವನ್ನೂ ಮುಚ್ಚಿದರು. ಮನೆ ಬಿಡಿಸಿ ಛತ್ರಕ್ಕೆ ಕಳಿಸಿದವರು ಆಮೇಲೆ ಛತ್ರವನ್ನೂ ಕೆಡವಿದ ಹಾಗೆ.

ಇದಕ್ಕಿಂತ ನಮಗೆ ಹತ್ತಿರದ ಕಥೆ ಮ್ಯಾಪ್ ಮೇಕರ್ ಎಂಬುದರದು. ನಮ್ಮ ದೇಶದಂಥ ದೇಶಗಳಲ್ಲಿ ಹಳ್ಳಿಯ ಓಣಿಯವರೆಗೆ ಹೋಗುವ ಗಣಕದ ನಕ್ಷೆ ಕೊಳ್ಳಲು ಸಿಗುತ್ತಿರಲಿಲ್ಲ. ಸಿಗದಿದ್ದರೆ ಅಲ್ಲಿಯ ಜನರೇ ಬರೆಯಲಿ ಎಂಬ ಯೋಚನೆಯಿಂದ 2008ರಲ್ಲಿ ಗೂಗಲ್ ಇದನ್ನು ತೆರೆಯಿತು. ಅದನ್ನು ಕಟ್ಟಿದವರಲ್ಲಿ ಮುಖ್ಯರು ಬೆಂಗಳೂರಿನ ಕಚೇರಿಯಲ್ಲಿದ್ದ ಲಲಿತೇಶ್ ಕಟ್ರಗಡ್ಡ ಎಂಬ ಇಂಜಿನಿಯರು. ಯಾರು ಬೇಕಾದರೂ ತಮ್ಮ ಊರಿನ ದಾರಿಯನ್ನು ಗೆರೆಯೆಳೆದು ತೋರಿಸಬಹುದು, ಹೆಸರು ಬರೆಯಬಹುದು; ಬರೆದದ್ದನ್ನು ಬಲ್ಲ ಇತರರು ನೋಡಿ ಒಪ್ಪಬೇಕು. ನೆರೆಯವನ ತಪ್ಪನ್ನು ನೆರೆಯವನು ತಿದ್ದುವ ಏರ್ಪಾಡು. ತೊಡಕುಗಳೂ ಬಂದವು. 2013ರಲ್ಲಿ ಗೂಗಲ್ ಇಲ್ಲಿ ‘ಮ್ಯಾಪಥಾನ್’ ಎಂದು ನಕ್ಷೆ ಬರೆಯುವ ಪಂದ್ಯವೊಂದನ್ನು ನಡೆಸಿದಾಗ, 1767ರಿಂದ ದೇಶದ ಅಳತೆಯ ಕೆಲಸ ನಡೆಸಿಕೊಂಡು ಬಂದಿರುವ ಸರ್ವೆ ಆಫ್ ಇಂಡಿಯಾ ಇಲಾಖೆ ಪೊಲೀಸರಿಗೆ ದೂರು ಕೊಟ್ಟಿತು. 2015ರಲ್ಲಿ ಇನ್ನೊಂದು ಅವಾಂತರ. ಪಾಕಿಸ್ತಾನದ ರಾವಲ್ಪಿಂಡಿಯ ಹತ್ತಿರ ನಕ್ಷೆಯ ಮೇಲೆ ಯಾರೋ ಕಿಡಿಗೇಡಿ, ಒಂದು ಕಂಪನಿಯ ಗುರುತಾದ ಯಂತ್ರದ ಬೊಂಬೆ ಇನ್ನೊಂದು ಕಂಪನಿಯ ಗುರುತಾದ ಸೇಬಿನ ಮೇಲೆ ಮಾಡಬಾರದ್ದನ್ನು ಮಾಡುತ್ತಿರುವ ಚಿತ್ರವನ್ನು ಬರೆದುಬಿಟ್ಟ. ಲೋಕವೆಲ್ಲ ನಕ್ಕಿತು. ಕಂಪನಿ ನಗಲಿಲ್ಲ. ಕೆಲವು ತಿಂಗಳು ಬರವಣಿಗೆಯನ್ನೇ ನಿಲ್ಲಿಸಿ, ಮತ್ತೆ ತೆರೆದು, 2017ರ ಮಾರ್ಚ್ 31ಕ್ಕೆ ಮ್ಯಾಪ್ ಮೇಕರನ್ನು ಮುಗಿಸಿತು. ತಿದ್ದುಪಡಿಯನ್ನು ಸೂಚಿಸುವ ಅವಕಾಶವನ್ನು ಮುಖ್ಯ ನಕ್ಷೆಗೇ ಸೇರಿಸಿದರೆನ್ನಿ. ಈಗಲೂ ಸೂಚಿಸಬಹುದು. ಆದರೆ ಸೂಚಿಸುವುದು ಬೇರೆ, ಬರೆಯುವುದು ಬೇರೆ. ಅರ್ಜಿದಾರನಿಗೂ ಪಂಚಾಯತಿಯ ಸದಸ್ಯನಿಗೂ ಇರುವಷ್ಟು ಅಂತರ.

ಎಲ್ಲವೂ ಹೋದದ್ದೇ ಎಂದರೆ ಅದೂ ಸುಳ್ಳು. ಬೀದಿಯನ್ನು ಕಣ್ಣಮುಂದೆ ತೋರಿಸುವ ಸ್ಟ್ರೀಟ್ ವ್ಯೂ ಎಂಬುದಕ್ಕಾಗಿ 2011ರಲ್ಲಿ ಬೆಂಗಳೂರಿನಲ್ಲಿ ಕ್ಯಾಮರಾದ ಕಾರುಗಳು ಓಡಾಡಿದವು. ಒಂದು ತಿಂಗಳು ತುಂಬುವುದರೊಳಗೆ ಪೊಲೀಸರು ನಿಲ್ಲಿಸಿದರು. 2021ರಲ್ಲಿ ಕೇಂದ್ರ ಸರ್ಕಾರ ನಕ್ಷೆಗಳ ಮೇಲಿನ ನಿರ್ಬಂಧಗಳನ್ನು ಸಡಿಲಿಸಿದ ಬಳಿಕ, 2022ರ ಜುಲೈಯಲ್ಲಿ ಭಾರತದ ಕಂಪನಿಗಳ ಜೊತೆಗೂಡಿ ಅದೇ ಸೌಕರ್ಯ ಬೆಂಗಳೂರೂ ಸೇರಿ ಹತ್ತು ನಗರಗಳಿಗೆ ಮರಳಿ ಬಂದಿತು. ಗುರುತು ಹೇಳಿ ದಾರಿ ತೋರುವ ಪದ್ಧತಿಯೂ ಹಾಗೆಯೇ. ನಮ್ಮಲ್ಲಿ ಯಾರಾದರೂ ‘ಮುನ್ನೂರು ಮೀಟರು ನಡೆದು ಆಗ್ನೇಯಕ್ಕೆ ತಿರುಗಿ’ ಎಂದು ದಾರಿ ಹೇಳಿದ್ದುಂಟೇ? ‘ಅರಳಿಕಟ್ಟೆ ದಾಟಿ, ಹಿಟ್ಟಿನ ಗಿರಣಿಯ ಎದುರು ಸಂದಿ’ ಎನ್ನುತ್ತೇವೆ. ಇದನ್ನು ಕಂಡುಕೊಂಡು 2009ರಲ್ಲಿ ಗೂಗಲ್ ಭಾರತದ ನಕ್ಷೆಯಲ್ಲಿ ಹೆಗ್ಗುರುತುಗಳ ಮೂಲಕ ದಾರಿ ಹೇಳಲು ತೊಡಗಿತ್ತು. 2023ರ ಕೊನೆಯಲ್ಲಿ, ಒಂದು ಜಾಗಕ್ಕೆ ಅದರ ಸುತ್ತಲ ಹೆಗ್ಗುರುತುಗಳನ್ನು ಸೇರಿಸಿ ಹೇಳುವ ಏರ್ಪಾಡನ್ನು ಹೊಸದೆಂದು ಮತ್ತೆ ಸಾರಿತು. ಅರಳಿಕಟ್ಟೆಯನ್ನು ಎರಡು ಸಲ ಕಂಡುಹಿಡಿದರೂ ತಪ್ಪಿಲ್ಲ.

ಕನ್ನಡದ ಮೇಷ್ಟರಾಗಿ ನಾನು ಹೆಚ್ಚು ಹೊತ್ತು ನಿಲ್ಲಬೇಕಾದದ್ದು ಊರುಗಳ ಹೆಸರಿನ ಮುಂದೆ. 2014ರ ನವೆಂಬರ್ 1ರಂದು ಬೆಂಗಳೂರು, ಮೈಸೂರು, ಬೆಳಗಾವಿ ಮೊದಲಾದ ಹನ್ನೆರಡು ನಗರಗಳ ಹೆಸರು ಇಂಗ್ಲಿಷಿನಲ್ಲಿಯೂ ಕನ್ನಡದ ಉಚ್ಚಾರಣೆಗೆ ಬಂದವು. ನಕ್ಷೆಗಳೂ ಬೇಗನೆ ಅನುಸರಿಸಿದವು. ದೊಡ್ಡ ಊರಿಗೆ ದೊಡ್ಡವರ ಬೆಂಬಲ. ಸಣ್ಣ ಊರಿನ ಗತಿಯೇನು? 2021ರಲ್ಲಿ ಗೂಗಲ್, ಕನ್ನಡವೂ ಸೇರಿ ಭಾರತದ ಹತ್ತು ಭಾಷೆಗಳಲ್ಲಿ, ಇಂಗ್ಲಿಷ್ ಅಕ್ಷರದಲ್ಲಿರುವ ಸ್ಥಳನಾಮಗಳನ್ನು ಯಂತ್ರದಿಂದಲೇ ಆಯಾ ಲಿಪಿಗೆ ಪರಿವರ್ತಿಸುವ ಕೆಲಸವನ್ನು ಕೈಗೊಂಡಿತು. ಕನ್ನಡವನ್ನಷ್ಟೇ ಓದಬಲ್ಲವರಿಗೆ ಇದರಿಂದ ನಿಜವಾಗಿ ಉಪಕಾರವಾಗಿದೆ. ಆದರೆ ಇಂಗ್ಲಿಷ್ ಅಕ್ಷರಕ್ಕೆ ಲ, ಳಗಳ ಭೇದವಿಲ್ಲ. ದ, ಡಗಳ ಭೇದವಿಲ್ಲ. ನ, ಣ ಒಂದೇ. ಹ್ರಸ್ವ ದೀರ್ಘಗಳು ದೇವರಿಗೇ ಪ್ರೀತಿ. ಕಲ್ಲಹಳ್ಳಿ ಎಂಬುದನ್ನು ಇಂಗ್ಲಿಷಿನಲ್ಲಿ ಬರೆದು ಯಂತ್ರದ ಕೈಗೆ ಕೊಟ್ಟರೆ ಅದು ಕಳ್ಳಹಳ್ಳಿ ಎಂದು ಓದಿದರೂ ಅದರ ತಪ್ಪೆನ್ನಲಾಗದು. ಬಂಡೆಯ ಊರು ‘ಬಂದೆ’ಯ ಊರಾಗಬಹುದು, ಕೊಳ ಕೋಲವಾಗಬಹುದು. ನಗೆಯ ಮಾತೆಂದು ತಳ್ಳಿಹಾಕಬೇಡಿ. ಊರಿನ ಹೆಸರಿನಲ್ಲಿರುವ ಕಲ್ಲು, ಅಲ್ಲಿ ಒಂದು ಕಲ್ಲಿದೆಯೆಂದು ಸಾವಿರ ವರ್ಷದಿಂದ ಹೇಳುತ್ತಿರಬಹುದು. ಅದನ್ನು ಕಳ್ಳ ಮಾಡಿದರೆ ಮುಂದಿನವನು ಕಲ್ಲನ್ನು ಹುಡುಕುವುದೇ ಇಲ್ಲ. ಊರವನೇ ಕನ್ನಡದಲ್ಲಿ ಬರೆದಿದ್ದ ಹೆಸರಿನಲ್ಲಿ ಈ ತಪ್ಪು ಹುಟ್ಟುವ ಸಂಭವವೇ ಇರಲಿಲ್ಲ.

ಟಿಪ್ಪು ಸುಲ್ತಾನನ ಪತನವಾದ 1799ರ ತರುವಾಯ ಕಾಲಿನ್ ಮೆಕೆಂಜಿ ಎಂಬ ಸ್ಕಾಟ್ಲೆಂಡಿನವನು ಮೈಸೂರು ಸೀಮೆಯ ಸರ್ವೆ ನಡೆಸಿದ. ಅವನು ಸರಪಳಿ ಹಿಡಿದು ನೆಲವನ್ನು ಅಳೆಸಿದ್ದಷ್ಟೇ ಅಲ್ಲ. ಕಾವಲಿ ವೆಂಕಟ ಬೋರಯ್ಯ ಮುಂತಾದ ಪಂಡಿತರ ನೆರವಿನಿಂದ ಊರೂರಿನ ಜನ ಹೇಳಿದ ವೃತ್ತಾಂತಗಳನ್ನು, ಅಂದರೆ ಕೈಫಿಯತ್ತುಗಳನ್ನು, ಕಲೆಹಾಕಿದ. ಕೆರೆ ಕಟ್ಟಿದವರಾರು, ಊರಿಗೆ ಆ ಹೆಸರೇಕೆ ಎಂಬಂಥ ಸಂಗತಿಗಳು ಅವುಗಳಲ್ಲಿ ಸಿಕ್ಕುತ್ತವೆ. ಆ ಕನ್ನಡ ಕೈಫಿಯತ್ತುಗಳನ್ನು ಎಂ. ಎಂ. ಕಲಬುರ್ಗಿಯವರು ಸಂಪಾದಿಸಿಕೊಟ್ಟಿದ್ದಾರೆ. ಇನ್ನೂರು ವರ್ಷದ ಕಾಗದವನ್ನು ಇಂದು ಓದುತ್ತೇವೆ. 2011ರ ನಮ್ಮ ಚಿತ್ರ ಇಂದಿಲ್ಲ. ಮೆಕೆಂಜಿಗೂ ತನ್ನ ಕಂಪನಿಯ ಹಿತವೇ ಮುಖ್ಯವಾಗಿತ್ತು, ಅದನ್ನು ಮರೆಯಬೇಕಾಗಿಲ್ಲ. ಆದರೆ ಕಾಗದಕ್ಕೆ ಒಂದು ಗುಣವುಂಟು. ಒಡೆಯ ಬದಲಾದರೂ ಅದು ಕಪಾಟಿನಲ್ಲಿ ಕುಳಿತಿರುತ್ತದೆ.

ನನ್ನ ವಿದ್ಯಾರ್ಥಿಯ ವಿಷಯಕ್ಕೆ ಬರುತ್ತೇನೆ. ಅವನು ಸುಮ್ಮನೆ ಕೂರುವವನಲ್ಲ. ಗೂಗಲ್ ಅರ್ತ್‌ನಲ್ಲಿ ಹಿಂದಿನ ವರ್ಷಗಳ ಉಪಗ್ರಹ ಚಿತ್ರಗಳನ್ನು ತೆಗೆದು ನೋಡಿದ. ಕೆರೆ ಕಂಡಿತು, ಏರಿ ಕಂಡಿತು, ರಸ್ತೆ ಅಗಲವಾದದ್ದೂ ಕಂಡಿತು. ನಾಲ್ಕಡಿಯ ಕಲ್ಲು ಆಕಾಶದಿಂದ ಕಾಣಲಿಲ್ಲ. ಅವನ ಹಳೆಯ ಓಡಾಟದ ದಾಖಲೆಯಲ್ಲಾದರೂ ಏನಾದರೂ ಇದೆಯೇ ಎಂದು ಕೇಳಿದೆ. ನಾವು ಹೋದ ಜಾಗಗಳನ್ನೆಲ್ಲ ದಿನಚರಿಯಂತೆ ನೆನಪಿಡುವ ಟೈಮ್‌ಲೈನ್ ಎಂಬುದೊಂದು ಗೂಗಲ್ ನಕ್ಷೆಯಲ್ಲಿ ಉಂಟಲ್ಲ. “ಅದು ಬಂದದ್ದೇ 2015ರಲ್ಲಿ ಸಾರ್, ನಮ್ಮ ಕಲ್ಲು ಅದಕ್ಕಿಂತ ಹಿಂದಿನದು” ಎಂದು ನಕ್ಕ. ಆ ದಿನಚರಿಯೂ ಈಗ ಮೊದಲಿನಂತಿಲ್ಲ. ದೂರದ ಯಂತ್ರದಲ್ಲಿ ಇದ್ದದ್ದನ್ನು 2024ರಲ್ಲಿ ಅವರವರ ಫೋನಿಗೆ ಇಳಿಸತೊಡಗಿದರು. ಖಾಸಗಿ ವಿಷಯ ಅವರವರ ಬಳಿಯೇ ಇರಲೆಂಬ ಉದ್ದೇಶ ಒಳ್ಳೆಯದೇ. ಆದರೆ 2025ರ ಮಾರ್ಚಿನಲ್ಲಿ ತಾಂತ್ರಿಕ ದೋಷದಿಂದ ಕೆಲವರ ದಿನಚರಿ ಅಳಿದುಹೋಯಿತೆಂದು ಕಂಪನಿಯೇ ಒಪ್ಪಿಕೊಂಡಿತು. ಬೇರೆಡೆ ಪ್ರತಿ ಇಟ್ಟಿದ್ದವರಿಗೆ ಮಾತ್ರ ಅದು ಮರಳಿ ದೊರೆಯುವಂತಿತ್ತು.

ಓಪನ್ ಸ್ಟ್ರೀಟ್ ಮ್ಯಾಪ್ ಎಂಬ ಇನ್ನೊಂದು ನಕ್ಷೆಯ ವಿಚಾರವನ್ನು ನನಗೆ ಹೇಳಿಕೊಟ್ಟವನೂ ಅವನೇ. 2004ರಲ್ಲಿ ಇಂಗ್ಲೆಂಡಿನಲ್ಲಿ ಸ್ಟೀವ್ ಕೋಸ್ಟ್ ಎಂಬವರು ತೊಡಗಿಸಿದ್ದು. ಅದನ್ನು ಬರೆಯುವವರೂ ಸಾಮಾನ್ಯ ಜನರೇ. ಅದರ ನೋಟಕ್ಕೆ ಗೂಗಲಿನ ಥಳಕಿಲ್ಲ, ನಮ್ಮ ಹಳ್ಳಿಗಳ ಕಡೆ ಖಾಲಿ ಜಾಗ ಬಹಳ. ಆದರೆ ಬರೆದದ್ದನ್ನೆಲ್ಲ, ಬೇಕೆಂದರೆ ಲೋಕದ ನಕ್ಷೆಯನ್ನೇ, ಯಾರು ಬೇಕಾದರೂ ಇಳಿಸಿಕೊಂಡು ಮನೆಯಲ್ಲಿ ಇಟ್ಟುಕೊಳ್ಳಬಹುದು. ಯಾರು ಎಂದು ಏನು ತಿದ್ದಿದರೆಂಬ ಚರಿತ್ರೆಯೂ ಅದರಲ್ಲಿ ಉಳಿಯುತ್ತದೆ. ಕನ್ನಡದ ಹೆಸರನ್ನು ಬರೆಯಲು ಇಂಗ್ಲಿಷಿನ ಹಂಗಿಲ್ಲದ ಬೇರೆಯ ಮನೆಯೇ ಉಂಟು. ಅಂದು ಸಂಜೆ ನನ್ನ ಜಗುಲಿಯಲ್ಲಿ ಕುಳಿತು ನಮ್ಮ ಸುತ್ತಿನ ಹನ್ನೊಂದು ಹಳ್ಳಿಗಳ ಹೆಸರನ್ನು ಅವನು ಬರೆದ. ಲ, ಳಗಳನ್ನು ನಾನು ನೋಡಿಕೊಂಡೆ.

ಮರುದಿನ ಅವನ ಸ್ಕೂಟರಿನಲ್ಲಿ ಆ ಹಳ್ಳಿಗೆ ಹೋದೆವು. ಕಲ್ಲು ಗುಡಿಯ ಅಂಗಳದಲ್ಲಿತ್ತು. ಅರಿಸಿನ ಕುಂಕುಮ ಹಚ್ಚಿ ವೀರನ ಮುಖ ಮುಚ್ಚಿಹೋಗಿತ್ತು. ಅದು ಈಗ ಇರುವ ಜಾಗವನ್ನು ಓಪನ್ ಸ್ಟ್ರೀಟ್ ಮ್ಯಾಪಿಗೆ ಸೇರಿಸಿದೆವು. ಹಿಂದೆ ಇದ್ದ ಜಾಗವನ್ನು ಅಲ್ಲಿ ಬರೆಯುವಂತಿಲ್ಲ. ಈಗ ನೆಲದ ಮೇಲೆ ಇರುವುದನ್ನಷ್ಟೇ ಗುರುತಿಸಬೇಕೆಂಬುದು ಆ ನಕ್ಷೆಯವರ ನಿಯಮವಂತೆ. ಅದೂ ಸರಿಯೇ. ಹಳೆಯ ಜಾಗಕ್ಕೆಂದು ಒಂದು ನೂರು ಹಾಳೆಯ ನೋಟುಬುಕ್ಕನ್ನು ತಂದಿದ್ದೆ.

ಕೆರೆಯ ನೀರು ಬಿಡುತ್ತಿದ್ದ ಹಳೆಯ ನೀರುಗಂಟಿಯ ಮನೆ ಅಲ್ಲಿಯೇ ಹತ್ತಿರ. ಅವರಿಗೆ ಎಂಬತ್ತು ದಾಟಿದೆ. ಕೋಲೂರಿಕೊಂಡು ಏರಿಯ ಮೇಲೆ ಬಂದರು. ಹಿಂದೆಯೇ ಅವರ ಹೆಂಡತಿಯೂ ಬಂದರು. ಕಲ್ಲು ಎಲ್ಲಿತ್ತು ಯಜಮಾನರೇ ಎಂದು ಕೇಳಿದೆ. “ಕೋಡಿ ಬಿದ್ದರೆ ನೀರು ಅದರ ಪಾದ ಮುಟ್ಟಬೇಕಾಗಿತ್ತು ಮೇಷ್ಟ್ರೇ. ಪಾದ ನೆನೆಯಿತೆಂದರೆ ಕೆರೆ ತುಂಬಿತು ಅಂತ ಲೆಕ್ಕ. ನಾನು ನೋಡ್ತಿದ್ದದ್ದೇ ಅದನ್ನ” ಎಂದರು. ಹದಿನಾಲ್ಕು ವರ್ಷದ ಹಿಂದೆ ನಾವು ಆ ಕಲ್ಲಿನ ಚಿತ್ರ ತೆಗೆದು, ಅದು ಕೆರೆಯ ಅಳತೆಗಲ್ಲು ಎಂಬುದನ್ನು ಯಾರನ್ನೂ ಕೇಳದೆ ಹೋಗಿದ್ದೆವು. ತೂಬಿನಿಂದ ಹೆಜ್ಜೆ ಎಣಿಸುತ್ತ ನಡೆದೆವು. ಅರವತ್ತೆರಡನೆಯ ಹೆಜ್ಜೆಗೆ ಅವರು ಕೋಲು ಊರಿ “ಇಲ್ಲೇ” ಎಂದರು. ಅಷ್ಟರಲ್ಲಿ ಆಕೆ, “ಇಲ್ಲೆಲ್ಲಿ, ಹೊಂಗೆಮರದ ಆಚೆಗಿತ್ತು. ಬಟ್ಟೆ ಒಗೆಯೋಕೆ ಬಂದಾಗ ಅದರ ನೆರಳಲ್ಲೇ ಬುತ್ತಿ ಇಡ್ತಿರಲಿಲ್ಲವಾ ನಾನು?” ಎಂದರು. ಹೊಂಗೆಮರವನ್ನೂ ರಸ್ತೆಗಾಗಿ ಕಡಿದಿದ್ದಾರೆ. ಇಬ್ಬರೂ ಬಹಳ ಹೊತ್ತು ವಾದಿಸಿದರು, ಇಬ್ಬರೂ ಸೋಲಲಿಲ್ಲ. ಎರಡು ಜಾಗಕ್ಕೂ ನಡುವೆ ಇಪ್ಪತ್ತು ಹೆಜ್ಜೆ.

ಎರಡನ್ನೂ ನೋಟುಬುಕ್ಕಿನಲ್ಲಿ ಬರೆದುಕೊಂಡು, ಒಂದರ ಮುಂದೆ ಅವರ ಹೆಸರನ್ನೂ ಇನ್ನೊಂದರ ಮುಂದೆ ಆಕೆಯ ಹೆಸರನ್ನೂ ಹಾಕಿ, ಕೆಳಗೆ ತಾರೀಖು ಬರೆದೆವು.